ಶಾಸಕರ ಜೊತೆ ಎರಡನೇ ಟೀ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಆ ಫೋನ್ ಬಂತು. ಫೋನ್ ನನ್ನದಲ್ಲ, ಶಾಸಕರದು. ಅವರು ಫೋನನ್ನು ತಾವು ಇಟ್ಟುಕೊಳ್ಳುವುದಿಲ್ಲ. ಕಾರಿನಲ್ಲಿ ಪಕ್ಕ ಕೂತವರ ಕೈಗೆ ಕೊಟ್ಟುಬಿಡುತ್ತಾರೆ. ಅವತ್ತು ಪಕ್ಕ ಕೂತವಳು ನಾನು.

"ಸಾಹೇಬ್ರಿಗೆ ಕೊಡವ್ವ."

"ಟೀ ಕುಡೀತಿದ್ದಾರೆ. ನನಗೇ ಹೇಳಿ, ಹೇಳ್ತೀನಿ."

"ಫಾರೆಸ್ಟ್‌ನೋರ್ನ ಇಬ್ಬರ್ನ ಊರೋರು ಬ್ಯಾರನ್ಗೆ ಕೂಡಾಕವ್ರೆ. ಒಲೆಗೆ ಸೌದೆ ಜೋಡುಸ್ತಾವ್ರೆ. ಜಲ್ದಿ ಕರ್ಕಂಡ್ ಬನ್ನಿ."

ಮಾತಾಡಿದವನು ನಾವು ಹೊರಟಿದ್ದ ಊರಿನ ಪಂಚಾಯಿತಿ ಮೆಂಬರು. ನಾವಿದ್ದ ಟೀ ಅಂಗಡಿಯಿಂದ ಊರಿಗೆ ಎರಡು ಮೈಲಿ ಇರಬಹುದು. ಅವನು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಶಾಸಕರಿಗೆ ಹೇಳಿದೆ. ಅವರು ರಸ್ತೆ ನೋಡಿದರು. ಒಂದು ಹಾಲಿನ ವ್ಯಾನ್ ಹೋಗುವವರೆಗೂ ನೋಡಿದರು. ಆಮೇಲೆ, "ಇನ್ನೊಂದೊಂದು ಟೀ ಹೇಳಿ ಮೇಡಂ," ಅಂದರು.

ನಾನು ಹೇಳಿದೆ. ಬಂತು. ಕುಡಿದೆ.

ಹುಣಸೂರು ಕಡೆಯವರಲ್ಲದವರಿಗೆ ಬ್ಯಾರನ್ ಎಂದರೇನು ಎಂದು ಹೇಳಬೇಕು. ಹೊಗೆಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಮನೆ ಅದು. ಎತ್ತರದ ಗೋಡೆ, ಕಿಟಕಿಯಿಲ್ಲ, ಒಂದೇ ಬಾಗಿಲು. ಒಲೆ ಹೊರಗಿರುತ್ತದೆ. ಅದರ ಬಿಸಿ ಮತ್ತು ಹೊಗೆ ದಪ್ಪ ಕಬ್ಬಿಣದ ಪೈಪಿನಲ್ಲಿ ಒಳಗಿನ ನೆಲದ ಮೇಲೆ ಸುತ್ತಿಕೊಂಡು ಹೋಗಿ ಚಿಮಣಿಯಲ್ಲಿ ಹೊರಗೆ ಹೋಗುತ್ತದೆ. ಬಾಗಿಲಿನಲ್ಲಿ ಅಂಗೈ ಅಗಲದ ಗಾಜು. ಅದರ ಹಿಂದೆ ಥರ್ಮಾಮೀಟರು ತೂಗುಹಾಕಿರುತ್ತಾರೆ. ಸೊಪ್ಪು ಹಾಕಿದ ದಿನಗಳಲ್ಲಿ ಮನೆಯವರು ಗಂಟೆಗೊಂದು ಸಲ ಬಂದು ಆ ಗಾಜಿಗೆ ಕಣ್ಣು ಹಚ್ಚಿ ನೋಡಿ ಹೋಗುತ್ತಾರೆ. ಮನುಷ್ಯರನ್ನು ಅದರೊಳಗೆ ಕೂಡಿಹಾಕುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾನು ಪದವಿ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಶಾಸಕರಿಗೆ ಎಪ್ಪತ್ತೈದು ತುಂಬುವ ಹೊತ್ತಿಗೆ ಒಂದು ಅಭಿನಂದನಾ ಗ್ರಂಥ ತರಬೇಕೆಂದು ಅವರ ಅಭಿಮಾನಿಗಳು ತೀರ್ಮಾನಿಸಿ, ಅವರ ನೆನಪುಗಳನ್ನು ಬರೆದುಕೊಳ್ಳುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಏಳು ಸಲ ನಿಂತು ಐದು ಸಲ ಗೆದ್ದವರು. ಎರಡು ಸೋಲಿನ ಬಗ್ಗೆ ಕೇಳಿದರೆ ಅರಳುತ್ತಿದ್ದರು, ಗೆಲುವಿನ ಬಗ್ಗೆ ಕೇಳಿದರೆ "ಅದ್ರಲ್ಲೇನದೆ ಬುಡಿ" ಎನ್ನುತ್ತಿದ್ದರು. ವಿಧಾನಸಭೆಯಲ್ಲಿ ಮಾತಾಡಿದ್ದು ಕಡಿಮೆ. ಆದರೆ ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಯಾರ ಮನೆಯಲ್ಲಿ ತಿಥಿ ಇದ್ದರೂ ಹೋಗಿ ಎಲೆ ಮುಂದೆ ಕೂರುತ್ತಿದ್ದರು. ಸತ್ತವರ ಹೆಸರು, ಅವರ ಅಳಿಯಂದಿರ ಊರು, ಯಾವ ಗದ್ದೆಯ ತಕರಾರು ಮುಗಿದಿಲ್ಲ, ಎಲ್ಲ ಬಾಯಲ್ಲಿತ್ತು. ವಾರಕ್ಕೆರಡು ದಿನ ಅವರ ಕಾರಿನಲ್ಲಿ ಕೂತು ನಾನು ಬರೆದುಕೊಳ್ಳುತ್ತಿದ್ದೆ.

ಅವರದೊಂದು ಪದ್ಧತಿಯಿತ್ತು. ಜಗಳದ ಜಾಗಕ್ಕೆ ತಡವಾಗಿ ಹೋಗುವುದು. ಮೊದಲ ಸಲ ಗೆದ್ದಾಗ, ನಾಲೆ ನೀರಿನ ಜಗಳಕ್ಕೆ ಎಲ್ಲರಿಗಿಂತ ಮೊದಲು ಓಡಿಹೋಗಿ ಹಣೆಗೆ ಕಲ್ಲೇಟು ತಿಂದಿದ್ದರು. ಆ ಗುರುತು ಈಗಲೂ ಇದೆ. ಅಲ್ಲಿಂದ ಮುಂದೆ ಎಲ್ಲಿ ಗಲಾಟೆಯಾದರೂ ಊರಿಗೆ ಒಂದೆರಡು ಮೈಲಿ ಹಿಂದೆಯೇ ಕಾರು ನಿಲ್ಲಿಸಿ ಟೀ ಕುಡಿಯುತ್ತಿದ್ದರು. "ಜನ ಬೈದು ಸುಸ್ತಾಗ್ಬೇಕು ಮೇಡಂ. ಬಾಯಿ ಒಣಗ್ದಾಗ ನಾವು ಓಗ್ಬೇಕು. ಆಗ ಅವ್ರೇ ನೀರು ತಂದ್ಕೊಡ್ತಾರೆ." ಇದು ಮೂವತ್ತು ವರ್ಷ ಕೆಲಸ ಮಾಡಿದೆ. ಬಸ್ಸು ತಡೆದಾಗ, ಹರಾಜು ಮಾರುಕಟ್ಟೆಗೆ ಬೀಗ ಜಡಿದಾಗ, ಹನಗೋಡಿನ ಹತ್ತಿರ ಹೊಳೆ ದಂಡೆಯ ಮರಳಿಗಾಗಿ ಎರಡು ಊರು ಕೈಕೈ ಮಿಲಾಯಿಸಿದಾಗ. ಇದರ ಮೇಲೆ ನಾನೊಂದು ಅಧ್ಯಾಯವನ್ನೇ ಮೆಚ್ಚಿ ಬರೆದಿದ್ದೆ. ಆದ್ದರಿಂದ ಎರಡನೇ ಟೀ ಹೇಳಿದಾಗ ನನಗೆ ವಿಚಿತ್ರ ಅನ್ನಿಸಲಿಲ್ಲ. ನನ್ನ ಅಧ್ಯಾಯವೇ ಕಣ್ಣೆದುರು ನಡೆಯುತ್ತಿದೆ ಅನ್ನಿಸಿತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಊರಿನ ಸಿಟ್ಟಿಗೆ ಕಾರಣವಿತ್ತು. ಮೂರು ವಾರದಿಂದ ಹುಲಿಯೊಂದು ಕಾಡಂಚಿನ ಹೊಲಗಳಲ್ಲಿ ಓಡಾಡುತ್ತಿತ್ತು. ಇಲಾಖೆಯವರು ತಂದಿಟ್ಟ ಬೋನಿನಲ್ಲಿ ಮೇಕೆ ಅರಚುತ್ತಲೇ ಇತ್ತು, ಹುಲಿ ಆ ಕಡೆ ತಲೆ ಹಾಕಿರಲಿಲ್ಲ. ಅವತ್ತು ಬೆಳಗಿನ ಜಾವ ಒಬ್ಬ ರೈತನ ಕರೆಯುವ ಹಸುವನ್ನು ಕೊಟ್ಟಿಗೆಯ ಹಿಂದೆಯೇ ಕೊಂದಿತ್ತು. ಮಹಜರು ಬರೆಯಲು ಬಂದ ಫಾರೆಸ್ಟ್ ಗಾರ್ಡನ್ನೂ ಜೊತೆಗಿದ್ದ ವಾಚರನ್ನೂ ಹಿಡಿದು, ಆ ರೈತನದೇ ಬ್ಯಾರನ್ನಿಗೆ ನೂಕಿ ಚಿಲಕ ಹಾಕಿದ್ದರು. ಹಿಂದಿನ ದಿನವಷ್ಟೇ ಸೊಪ್ಪು ಇಳಿಸಿದ್ದರಿಂದ ಅದು ಖಾಲಿಯಿತ್ತು.

ನಾವು ಅಲ್ಲಿಗೆ ಮುಟ್ಟಿದಾಗ ಹನ್ನೆರಡು ಹತ್ತು. ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು.

"ಬಂದ್ರು ನೋಡಪ್ಪ, ಎಲ್ಲಾ ಆದ್ಮೇಲೆ!"

"ಓಟು ಕೇಳಕ್ಕೆ ಮಾತ್ರ ಟೈಮಿಗೆ ಬತ್ತಾರೆ."

"ಓಟಿಗೂ ಲೇಟಾಗೇ ಬಂದಿದ್ದೆ ಕಣ್ಲಾ, ಮರ್ತ್ಯಾ? ನಿಮ್ಮವ್ವ ಮಲಗ್ಬುಟ್ಟಿದ್ರು, ಎಬ್ಬುಸ್ಬುಟ್ಟು ಕೈ ಮುಗ್ದೆ," ಅಂದರು ಶಾಸಕರು. ಕೆಲವರು ನಕ್ಕರು. ನಗುವ ಜನ ಬೆಂಕಿ ಹಾಕಲಾರರು ಎಂದು ನನಗೆ ಧೈರ್ಯ ಬಂತು. ಆದರೆ ಬೆಂಕಿ ಆಗಲೇ ಹಾಕಿಯಾಗಿತ್ತು, ಹಾಕಿದವನೂ ನಗುತ್ತಿದ್ದ.

ಹಸು ಕಳೆದುಕೊಂಡ ರೈತ ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. "ಏನಾಗಾಕಿಲ್ಲ ಸಾಹೇಬ್ರೆ. ಹಳದಿ ಶಾಖ ಅಷ್ಟೆ. ಹೆದ್ರುಕೊಳ್ಳಿ ಅಂತ." ಹಸಿರು ಸೊಪ್ಪಿಗೆ ಹಳದಿ ಬಣ್ಣ ಬರಲು ಮೊದಲ ದಿನ ಕೊಡುವ ಸಣ್ಣ ಬಿಸಿಗೆ ಅವರು ಹಾಗೆನ್ನುತ್ತಾರೆ. ಆ ಬಿಸಿಯಲ್ಲಿ ಎಲೆ ಒಣಗುವುದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಹೀಗೆ ಹೇಳುತ್ತಲೇ ಎದ್ದುಹೋಗಿ ಬಾಗಿಲಿನ ಗಾಜಿನಲ್ಲಿ ಥರ್ಮಾಮೀಟರು ನೋಡಿ, ವಾಪಸ್ಸು ಬಂದು ಒಂದು ಸೌದೆ ಹೊರಗೆಳೆದ. ಯಾರೂ ಹೇಳದೆ, ಅಭ್ಯಾಸದಿಂದ. ಅವನು ಮರೆತಿದ್ದು ಒಂದೇ. ಹಿಂದಿನ ಸಲ ಸೊಪ್ಪು ಬೇಯುವಾಗ ಪೈಪಿನ ಒಂದು ಜಾಯಿಂಟು ಬಿರುಕು ಬಿಟ್ಟಿತ್ತು. ಮುಂದಿನ ಸಲ ಸೊಪ್ಪು ಏರಿಸುವ ಮುಂಚೆ ಮಣ್ಣು ಮೆತ್ತಿದರಾಯಿತು ಎಂದುಕೊಂಡಿದ್ದ. ಅವತ್ತು ಸೊಪ್ಪು ಏರಿಸಿರಲಿಲ್ಲವಲ್ಲ, ಹಾಗಾಗಿ ಬಿರುಕು ಅವನ ನೆನಪಿಗೇ ಬರಲಿಲ್ಲ.

"ಬಾಗ್ಲು ತಗೀಲಾ," ಅಂದರು ಶಾಸಕರು.

"ತಗಿಯಾಕಿಲ್ಲ. ಫಾರೆಸ್ಟ್ ದೊಡ್ಡ ಸಾಹೇಬ್ರು, ಆ ಡಿಸಿಎಫ್ ಬರ್ಲಿ."

"ಅವ್ರನ್ನ ಆಚೆ ಬುಡಕ್ಕಲ್ಲ ಕಣ್ಲಾ, ನನ್ನ ಒಳಿಕ್ ಬುಡಕ್ಕೆ. ಹುಲಿ ಹಿಡೀದೆ ಇದ್ದೋನು ನಾನೂವೆ ತಾನೆ? ನಂಗೂ ಚಿಲಕ ಹಾಕು."

ಜನ ತಬ್ಬಿಬ್ಬಾದರು. ಯಾರೋ ಚಿಲಕ ತೆಗೆದರು. ಅವರು ಪಂಚೆ ಎತ್ತಿಕಟ್ಟಿ ಹೊಸ್ತಿಲು ದಾಟುವಾಗ ನನ್ನ ಕಡೆ ತಿರುಗಿ, "ಬನ್ನಿ ಮೇಡಂ, ನಿಮ್ ಪುಸ್ತಕಕ್ಕೆ ಬೇಕಾಯ್ತದೆ," ಅಂದರು. ಅದು ತಮಾಷೆ. ಯಾರೂ ನನ್ನ ಕೈ ಹಿಡಿದು ಎಳೆಯಲಿಲ್ಲ. ಆದರೂ ಹೋದೆ. ಯಾಕೆ ಹೋದೆ ಎಂದು ನನ್ನ ಗಂಡ ಅವತ್ತಿನಿಂದ ಎಷ್ಟೋ ಸಲ ಕೇಳಿದ್ದಾರೆ. ಬಾಗಿಲು ಹಿಂದೆ ಮುಚ್ಚಿತು, ಹೊರಗೆ ಚಿಲಕ ಬಿತ್ತು.

ಒಳಗೆ ಗಾಜಿನಿಂದ ಬರುವ ಬೆಳಕು ಬಿಟ್ಟರೆ ಕತ್ತಲು. ಗಾರ್ಡ್ ಬಾಗಲಕೋಟೆ ಕಡೆಯ ಹೆಣ್ಣುಮಗಳು, ಮೂವತ್ತರ ಒಳಗಿನವಳು. ಗೋಡೆಗೊರಗಿ ನಿಂತಿದ್ದಳು. ವಾಚರಿಗೆ ಐವತ್ತರ ಆಸುಪಾಸು. ಕಾಡಂಚಿನ ಆದಿವಾಸಿ ಹಾಡಿಯವನು. ದಿನಗೂಲಿಯ ಮೇಲೆ ಇಪ್ಪತ್ತು ವರ್ಷದಿಂದ ಕಾಡು ಕಾಯುತ್ತಿದ್ದರೂ ಅವನ ಹೆಸರಿನಲ್ಲಿ ಒಂದು ನೇಮಕಾತಿ ಆದೇಶವಿರಲಿಲ್ಲ.

"ಏನವ್ವ, ಹೊಡುದ್ರಾ?" ಶಾಸಕರು ಕೇಳಿದರು.

"ಇಲ್ರೀ ಸರ್. ಬೈದ್ರು ಅಷ್ಟ."

"ಬೈಗುಳ ತಿಂದ್ರೆ ಆಯಸ್ಸು ಜಾಸ್ತಿ. ನಂಗ್ ನೋಡು, ಎಪ್ಪತ್ನಾಕು." ಒಂದು ಕುಕ್ಕೆ ಬೋರಲು ಹಾಕಿ ಅದರ ಮೇಲೆ ಕೂತರು. ಆ ಬಿಸಿಯಲ್ಲಿ ಅವರ ಜುಬ್ಬ ಬೆನ್ನಿಗೆ ಅಂಟಿತ್ತು. ಆ ಹೊತ್ತಿನಲ್ಲಿ ನಾನು ಅವರನ್ನು ಪೂರ್ತಿ ನಂಬಿದ್ದೆ.

ವಾಚರು ತಲೆ ಎತ್ತಿ ಮೂಗರಳಿಸಿದ. "ಪೈಪು ಬುಟ್ಟದೆ," ಅಂದ. ನನಗಿನ್ನೂ ವಾಸನೆ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಂತು, ಆಮೇಲೆ ಕಣ್ಣು ಉರಿಯತೊಡಗಿತು, ಆಮೇಲೆ ಗಾಜಿನ ಬೆಳಕು ಮಂಕಾಯಿತು. ಅವನು ಎಷ್ಟೋ ವರ್ಷ ಬ್ಯಾರನ್‌ಗಳಲ್ಲಿ ಕೂಲಿ ಮಾಡಿದ್ದವನು. ನೆಲದ ಮೇಲೆ ಬಾಗಿ ಪೈಪಿನುದ್ದಕ್ಕೂ ಕೈಯಾಡಿಸುತ್ತ ಹೋಗಿ ಬಿರುಕು ಹುಡುಕಿದ. ಉಗುರಲ್ಲಿ ನೆಲ ಕೆರೆದು, "ನೀರು ಅದಾ ತಾಯಿ?" ಅಂತ ನನ್ನ ಬಾಟಲಿ ಇಸಿದುಕೊಂಡು ಮಣ್ಣು ಕಲಸಿದ. ಕಾದ ಕಬ್ಬಿಣದ ಮೇಲೆ ಅಂಗೈಯಿಂದಲೇ ಮೆತ್ತಿದ. ಚುರ್ ಅಂತ ಸದ್ದಾಯಿತು. ಅದು ಮಣ್ಣಿನ ಸದ್ದು ಎಂದುಕೊಂಡೆ. ಮೆತ್ತಿದ ಮಣ್ಣು ಒಣಗಿ ಉದುರಿತು. ಮತ್ತೆ ಕಲಸಿದ, ಮತ್ತೆ ಮೆತ್ತಿದ. ಅವನು ಕೂಗಲಿಲ್ಲ. ಹೊಗೆ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ.

ನಾನು ಬಾಗಿಲ ಕಡೆ ಹೋದೆ. ಶಾಸಕರು ನನ್ನ ಸೆರಗು ಹಿಡಿದು ಕೂರಿಸಿದರು. "ಬಡೀಬ್ಯಾಡಿ. ಬಡುದ್ರೆ ಹೆದ್ರುಕೊಂಡ್ರು ಅಂತ ಇನ್ನೂ ಹೊತ್ತು ಇಡ್ತಾರೆ. ಸುಮ್ಕಿದ್ರೆ ಅವ್ರಿಗೇ ದಿಗಿಲಾಗಿ ತಗೀತಾರೆ." ಕೆಮ್ಮುತ್ತ ಹೇಳಿದರು. ಮೂವತ್ತು ವರ್ಷದ ಪದ್ಧತಿ. ನಾನು ಕೂತೆ.

ಗಾರ್ಡ್ ಕೂರಲಿಲ್ಲ. ಅವಳು ಅವರನ್ನು ದಾಟಿಹೋಗಿ ಎರಡೂ ಕೈಯಲ್ಲಿ ಬಾಗಿಲು ಬಡಿದಳು. "ಹೊಗಿ ತುಂಬೇತಿ! ತೆಗೀರೋ! ನಿಮ್ಮ ಸಾಹೇಬ್ರು ಸಾಯಾಕತ್ತಾರ!"

ಅದೇ ಹೊತ್ತಿಗೆ ಆ ರೈತ ಥರ್ಮಾಮೀಟರು ನೋಡಲು ಬಂದಿರಬೇಕು. ಗಾಜಿನಲ್ಲಿ ಒಂದು ಕಣ್ಣು ಕಾಣಿಸಿತು. "ಅಯ್ಯಯ್ಯೋ, ಕಾಣ್ತಾನೇ ಇಲ್ಲ ಕಣ್ರಲಾ! ಜಾಯಿಂಟು ಮೆತ್ತೇ ಇಲ್ವಲ್ಲೋ!" ಅವನ ದನಿ ಈಗಲೂ ಕಿವಿಯಲ್ಲಿದೆ. ಒಳಗೆ ನಾಲ್ಕು ಜನ ಸಾಯುತ್ತಿದ್ದಾರೆ ಎಂಬ ದನಿಯೋ, ಸೊಪ್ಪು ಹಾಳಾದಾಗ ಬರುವ ದನಿಯೋ ಎಂದು ಅದನ್ನು ಎಷ್ಟು ಸಲ ಕೇಳಿಸಿಕೊಂಡರೂ ಗೊತ್ತಾಗಿಲ್ಲ. ಬಾಗಿಲು ತೆರೆಯಿತು.

ಹೊರಗೆ ಬಂದಾಗ ಹನ್ನೆರಡು ಐವತ್ತು. ಒಳಗಿದ್ದದ್ದು ನಲವತ್ತು ನಿಮಿಷಕ್ಕೂ ಕಡಿಮೆ. ಹೆಂಗಸರು ಅಳುತ್ತ ಶಾಸಕರ ತಲೆಗೆ ನೀರು ಸುರಿದರು. ಬೈದವರೇ ಅವರನ್ನು ಎತ್ತಿಕೊಂಡು ಮಂಚದ ಮೇಲೆ ಮಲಗಿಸಿದರು. ಯಾರೋ ಫೋಟೋ ತೆಗೆದರು. ಫೋಟೋದಲ್ಲಿ ಶಾಸಕರಿದ್ದಾರೆ, ಗಾರ್ಡ್ ಇದ್ದಾಳೆ, ನನ್ನ ಅರ್ಧ ಮುಖವಿದೆ. ವಾಚರು ಇಲ್ಲ. ಅವನು ದನದ ತೊಟ್ಟಿಯ ಹತ್ತಿರ ಬಲಗೈಯನ್ನು ನೀರಿನಲ್ಲಿ ಮುಳುಗಿಸಿಕೊಂಡು ಕೂತಿದ್ದ. ಮರುದಿನದ ಪೇಪರಿನಲ್ಲಿ ಪ್ರಾಣ ಒತ್ತೆಯಿಟ್ಟು ಸಿಬ್ಬಂದಿಯನ್ನು ಕಾಪಾಡಿದ ಶಾಸಕ ಎಂದು ಬಂತು.

ಅವತ್ತಿನಿಂದ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಮಲಗಿದರೆ ಹೊಗೆಯ ವಾಸನೆ. ತಲೆದಿಂಬು ಒಗೆದೆ, ಪರದೆ ಒಗೆದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಪಾಠ ಮಾಡಲಾಗದೆ ಕಾಲೇಜಿನಲ್ಲಿ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟುಕೊಂಡೆ. ಹನ್ನೊಂದು ಇಪ್ಪತ್ತರಿಂದ ಹನ್ನೆರಡು ಹತ್ತರವರೆಗಿನ ಹೊತ್ತನ್ನು ಬೇರೆ ಬೇರೆ ಥರ ನಡೆಸಿ ನೋಡುತ್ತಿದ್ದೆ. ನಾನು ಟೀ ಹೇಳದೇ ಇದ್ದಿದ್ದರೆ. ಫೋನನ್ನು ಅವರ ಕೈಗೇ ಕೊಟ್ಟಿದ್ದರೆ. ಡ್ರೈವರಿಗೆ ನಾನೇ ನಡೆಯಿರಿ ಅಂದಿದ್ದರೆ.

ಮೂರನೆಯ ದಿನ ಶಾಸಕರ ಮನೆ ಜಗಲಿಯಲ್ಲಿ ರಾಜಿ ಆಯಿತು. ಕಾಗದದಲ್ಲಿ ಹೀಗಿತ್ತು: ಮಹಜರಿಗೆ ಬಂದ ಗಾರ್ಡ್ ಮಳೆ ಬಂದಿದ್ದರಿಂದ ಬ್ಯಾರನ್ನಿನ ಒಳಗೆ ನಿಂತಿದ್ದರು, ಗಾಳಿಗೆ ಬಾಗಿಲು ಮುಚ್ಚಿಕೊಂಡಿತು, ಯಾರೂ ಕೂಡಿಹಾಕಲಿಲ್ಲ. ವಾಚರನ ಹೆಸರೇ ಇಲ್ಲ. ಸಾಕ್ಷಿಯಾಗಿ ನನ್ನ ಸಹಿಗೆ ಜಾಗ ಬಿಟ್ಟಿದ್ದರು.

"ವಾಚರು ಇದ್ದರಲ್ಲ ಸಾರ್?"

"ಇದ್ದ. ಅವ್ನ ಹೆಸ್ರು ಬರುದ್ರೆ ಕೇಸು ದೊಡ್ದಾಯ್ತದೆ ಮೇಡಂ. ಹಾಡಿಯೋನು. ಅಟ್ರಾಸಿಟಿ ಕೇಸಾದ್ರೆ ಕೂಡಾಕ್ದೋರಿಗೆ ಜಾಮೀನೂ ಸಿಕ್ಕಾಕಿಲ್ಲ. ಹಸು ಕಳ್ಕಂಡೋನು ಜೈಲಿಗೋದ್ರೆ ಹುಲಿ ಬೋನಿಗೆ ಬಿದ್ದಂಗಾ? ವಾಚರಿಗೆ ನಾನ್ ಮಾಡ್ಕೊಡ್ತೀನಿ, ಬುಡಿ."

ಅವರು ಮಾಡಿಕೊಡುವವರೇ. ನನ್ನ ನೋಟ್‌ಪುಸ್ತಕಗಳ ತುಂಬ ಅವರು ಮಾಡಿಕೊಟ್ಟದ್ದೇ ಇತ್ತು. ಹಾಗಾಗಿ ಅಲ್ಲಿ ಕೂತು ನನಗೆ ಅವರ ಮಾತು ಸರಿಯೆನ್ನಿಸಿತು, ಮೆಟ್ಟಿಲಿಳಿಯುವಾಗ ತಪ್ಪೆನ್ನಿಸಿತು. ಪೆನ್ನಿಲ್ಲ ಎಂದು ಸುಳ್ಳು ಹೇಳಿ, ಸಹಿ ಹಾಕದೆ ಬಂದಿದ್ದೆ. ಜುಬ್ಬದ ಜೇಬಿನಲ್ಲಿ ಮೂರು ಪೆನ್ನಿಟ್ಟುಕೊಂಡಿದ್ದ ಮನುಷ್ಯ ಒಂದನ್ನೂ ತೆಗೆದುಕೊಡಲಿಲ್ಲ.

ಮೂರು ವಾರದ ಮೇಲೆ ಗಾರ್ಡ್ ಫೋನ್ ಮಾಡಿದಳು. "ಮೇಡಂ, ನಮ್ಮ ವಾಚರನ್ನ ಕೆಲಸಕ್ಕ ಕರೀವಲ್ರು. ಆ ದಿನ ಅವ ಡ್ಯೂಟಿ ಮ್ಯಾಗ ಇದ್ದಿಲ್ಲ ಅಂತಾರ. ಕೈ ಎಲ್ಲಿ ಸುಟ್ಕೊಂಡ್ಯೋ ಅಲ್ಲೇ ಕೇಳು ಅಂದಾರಂತ. ನಾ ಹೇಳಿದ್ರ ಇಲಾಖೆಯಾಕಿ ಅಂತಾರ. ನೀವು ಬರದ್ರ ನಂಬ್ತಾರ."

"ಗಾಯ ಹೇಗಿದೆ?"

"ಬೆರಳು ಅಂಟ್ಕೊಂಡಾವ್ರೀ."

ಆಗ ನನಗೆ ಗೊತ್ತಾಯಿತು. ಆ ಮನುಷ್ಯನ ಕೆಲಸ, ಅವನ ಕೈಯ ಚಿಕಿತ್ಸೆ, ಎಲ್ಲವೂ ಅವನು ಅಲ್ಲಿದ್ದ ಎಂದು ನಾನು ಬರೆಯುವುದರ ಮೇಲೆ ನಿಂತಿತ್ತು. ನಾನು ಉಸಿರಾಡುತ್ತಿರುವುದು ಅವನು ಮೆತ್ತಿದ ಮಣ್ಣಿನಿಂದ. ಇಷ್ಟು ಸರಳವಾದ ವಿಷಯಕ್ಕೆ ನಾನು ಇನ್ನೂ ಎರಡು ವಾರ ತೆಗೆದುಕೊಂಡೆ. ಹೆದರಿಕೆ ಶಾಸಕರದ್ದಲ್ಲ. ನನ್ನ ಗುತ್ತಿಗೆ ವರ್ಷಕ್ಕೊಮ್ಮೆ ಮುಗಿಯುತ್ತದೆ, ಅದೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಬರೆದರೆ ಟೀ ಬಗ್ಗೆಯೂ ಬರೆಯಬೇಕಿತ್ತು.

ವಾಚರನ ವಿಷಯದಲ್ಲಿ ಇಲಾಖೆಯ ವಿಚಾರಣೆ ಹುಣಸೂರಿನ ಕಚೇರಿಯೊಂದರಲ್ಲಿ ನಡೆಯಿತು, ಶಾಸಕರನ್ನೂ ಕರೆಸಿದ್ದರು. ಮೂರು ಹಾಳೆ ಬರೆದುಕೊಂಡು ಹೋಗಿದ್ದೆ. ಫೋನ್ ಬಂದ ಹೊತ್ತು, ನಾನು ಹೇಳಿದ ಮಾತು, ಎರಡನೇ ಟೀ, ಗಾರ್ಡ್ ಬಾಗಿಲು ಬಡಿದದ್ದು, ವಾಚರು ಎರಡು ಸಲ ಮಣ್ಣು ಮೆತ್ತಿದ್ದು. ಅಧಿಕಾರಿ ಓದಿ, ಎದುರಿಗೆ ಕೂತಿದ್ದ ಶಾಸಕರ ಕಡೆ ಸರಿಸಿದರು. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ನಿಧಾನಕ್ಕೆ ಓದಿದರು.

"ಸರಿಯಾಗೇ ಬರ್ದವ್ರೆ," ಅಂದರು. "ಆವಪ್ಪ ಇದ್ದ. ಮಣ್ಣು ಮೆತ್ತಿದ್ದು ಅವ್ನೇ. ಆ ಹೆಣ್ಮಗ ಬಡೀದಿದ್ರೆ ನಾನಿವತ್ತು ಇಲ್ಲಿ ಕೂರ್ತಿರ್ಲಿಲ್ಲ."

"ಸಾರ್, ರಾಜಿ ಪತ್ರದಲ್ಲಿ ಮಳೆ ಅಂತ ಇದೆಯಲ್ಲ?" ಅಧಿಕಾರಿ ಕೇಳಿದರು.

"ಮಳೆ ಎಲ್ಲಿ ಬಂದಿತ್ತು ಅವತ್ತು? ಬಿಸ್ಲು ಸುಡ್ತಿತ್ತು."

ಅಧಿಕಾರಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಐದು ವಾರ ಆ ಹೆಸರನ್ನು ಅಳಿಸಿ ಇಟ್ಟವರು ಐದು ನಿಮಿಷದಲ್ಲಿ ಒಪ್ಪಿಕೊಂಡಿದ್ದು ಯಾಕೆ? ನಾನು ಹೇಗೂ ಬರೆಯುತ್ತೇನೆಂದು ಲೆಕ್ಕ ಹಾಕಿದ್ದರೇ? ಅಥವಾ ಬರೆಯುವವರೊಬ್ಬರು ಬರಲಿ ಎಂದೇ ಕಾದಿದ್ದರೇ? ಅವರ ಅರ್ಧ ಜೀವನವನ್ನು ಬರೆದುಕೊಂಡ ನನಗೆ ಇದು ಗೊತ್ತಿಲ್ಲ.

ಹೊರಗೆ ಬಂದ ಮೇಲೆ ಕಾರಿನ ಬಾಗಿಲು ಹಿಡಿದು ನಿಂತು, "ನಂಗೆ ಮೊದ್ಲೇ ತೋರ್ಸಿದ್ರೆ ಒಂದು ತಪ್ಪು ತಿದ್ದಿಸ್ತಿದ್ದೆ ಮೇಡಂ," ಅಂದರು.

"ಏನು ತಪ್ಪು ಸಾರ್?"

"ಎರಡ್ನೇ ಟೀ ನಾನ್ ಕುಡೀಲಿಲ್ಲ. ಲೋಟ ಇಡ್ಕಂಡಿದ್ದೆ ಅಷ್ಟೆ. ಕೈ ನಡುಗ್ತಿತ್ತು. ಕುಡುದ್ರೆ ಚೆಲ್ತಿತ್ತು. ಕುಡುದ್ದು ನೀವು."

ಕಾರು ಹೋಯಿತು. ನಾನು ಬಸ್ ಸ್ಟ್ಯಾಂಡಿನವರೆಗೂ ಅದನ್ನೇ ನೆನೆಸಿಕೊಳ್ಳುತ್ತ ನಡೆದೆ. ಅವರ ಲೋಟ ಕಣ್ಣಿಗೆ ಬರುತ್ತದೆ, ಅದರೊಳಗೆ ಟೀ ಇತ್ತೋ ಇಲ್ಲವೋ ಕಾಣುವುದಿಲ್ಲ. ಹೆದರಿ ಕೂತಿದ್ದ ಮುದುಕರನ್ನು ನಾನು ಲೆಕ್ಕಾಚಾರದ ಮನುಷ್ಯ ಎಂದು ತಿಳಿದೆನೋ, ಅಥವಾ ಲೆಕ್ಕಾಚಾರದ ಮನುಷ್ಯ ನನಗೆ ಅವತ್ತು ಒಂದು ನಡುಗುವ ಕೈ ತೋರಿಸಿ ಹೋದರೋ. ಗ್ರಂಥದ ಕೆಲಸ ನಾನು ಬಿಟ್ಟೆ. ಬೇರೆಯವರು ಮುಗಿಸಿದರು. ರೈತನ ಮೇಲೆ ಕೇಸು ನಡೆಯುತ್ತಿದೆ. ಪ್ರತಿ ತಾರೀಖಿಗೂ ಶಾಸಕರು ತಮ್ಮ ಕಾರಿನಲ್ಲೇ ಅವನನ್ನು ಕೋರ್ಟಿಗೆ ಕರೆದುಕೊಂಡು ಹೋಗುತ್ತಾರಂತೆ. ಬೇಗನೆ ಹೊರಡುತ್ತಾರಂತೆ.

ಇದಾಗಿ ಎರಡು ತಿಂಗಳಿಗೆ, ಒಂದು ಸೋಮವಾರ, ಹನಗೋಡಿನ ಬಸ್ ನಿಲ್ದಾಣದಲ್ಲಿ ವಾಚರು ಸಿಕ್ಕಿದ. ತವರಿಗೆ ಹೋಗಿ ವಾಪಸ್ಸು ಬರುತ್ತಿದ್ದೆ. ಅವನು ಖಾಕಿ ಅಂಗಿ ಹಾಕಿಕೊಂಡು ಇಲಾಖೆಯ ಜೀಪಿಗೆ ಕಾಯುತ್ತಿದ್ದ. ನಾನೇ ಮಾತಾಡಿಸಿದೆ.

"ಕೈ ಹೇಗಿದೆ?"

ತೋರಿಸಿದ. ಅಂಗೈ ತುಂಬ ನುಣ್ಣಗಿನ ಗುಲಾಬಿ ಚರ್ಮ. "ಎರಡು ಬೆಳ್ಳು ಮಡ್ಚಕ್ಕಾಗಕಿಲ್ಲ. ಕೋಲು ಇಡ್ಕಬೌದು."

"ಕೆಲಸಕ್ಕೆ ಕರೆದರಾ?"

ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದ ತೆಗೆದು ಕೊಟ್ಟ. "ಕೊಟ್ಟವ್ರೆ. ಓದಿ ಹೇಳಿ ತಾಯಿ. ಮೊನ್ನೆ ಒಬ್ರು ಓದುದ್ರು, ಬೇಗ್ ಬೇಗ್ನೆ ಓದ್ಬುಟ್ರು."

ಓದಿದೆ. ಅವನ ಹೆಸರು, ಅವನ ತಂದೆಯ ಹೆಸರು, ಹಾಡಿಯ ಹೆಸರು. ಸದರಿ ದಿನದಂದು ಕರ್ತವ್ಯದಲ್ಲಿದ್ದು ಗಾಯಗೊಂಡಿರುವುದರಿಂದ ಚಿಕಿತ್ಸೆಯನ್ನು ಇಲಾಖೆಯೇ ನೋಡಿಕೊಳ್ಳತಕ್ಕದ್ದು, ಮತ್ತು ಕೆಲಸಕ್ಕೆ ಹಾಜರಾಗಲು ತಿಳಿಸಿದೆ.

"ನಾನಿದ್ದೆ ಅಂತ ಬರ್ದದಾ?"

"ಬರೆದಿದೆ."

"ಇನ್ನೊಂದ್ಸಲ ಓದಿ, ಅದೊಂದೇ."

ಅದೊಂದೇ ಸಾಲನ್ನು ನಿಧಾನವಾಗಿ ಓದಿದೆ. ಅವನು ತಲೆಯಾಡಿಸುತ್ತ ಕೇಳಿ, ಕಾಗದವನ್ನು ಎಡಗೈಯಲ್ಲಿ ಮಡಿಚಿ ಕವರಿಗೆ ಹಾಕಿಕೊಂಡ. ಜೀಪು ಬಂತು. "ಬತ್ತೀನಿ ತಾಯಿ," ಅಂತ ಹಿಂದಿನ ಸೀಟಿಗೆ ಹತ್ತಿದ.

ಅವತ್ತು ಊಟ ಮಾಡಿ ಒಂಬತ್ತಕ್ಕೆ ಮಲಗಿದೆ. ಎದ್ದಾಗ ಬೆಳಿಗ್ಗೆ ಒಂಬತ್ತೂವರೆ. ಮೊದಲ ಕ್ಲಾಸು ಮುಗಿದುಹೋಗಿತ್ತು. ಎಬ್ಬಿಸಬಾರದಿತ್ತೇ ಎಂದು ಗಂಡನ ಮೇಲೆ ರೇಗಿದೆ. "ಎರಡು ಸಲ ಬಂದು ನೋಡಿದೆ, ಎಬ್ಬಿಸಲು ಮನಸ್ಸು ಬರಲಿಲ್ಲ, ಕಾಲೇಜಿಗೆ ಫೋನ್ ಮಾಡಿ ಹೇಳಿದ್ದೇನೆ," ಎಂದರು ಅವರು.